ಹುಟ್ಟು ಹಾಕುವ ಮುನ್ನ ಲೆಕ್ಕ ಹಾಕಬೇಕು

ಶರಾವತಿಯ ಕೆಳಹರಿವು ಒಂದು ಕಾಲದಲ್ಲಿ ವ್ಯಾಪಾರದ ಹೆದ್ದಾರಿಯಾಗಿತ್ತು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಗಳಲ್ಲಿ ಹೊನ್ನಾವರದ ಅಳಿವೆಯನ್ನು ಸೇರಿ ಹಡಗನ್ನೇರುತ್ತಿತ್ತು. ರಸ್ತೆ, ಸೇತುವೆ, ರೈಲು ಬಂದ ಮೇಲೆ ಸರಕು ನದಿಯನ್ನು ಬಿಟ್ಟುಹೋಯಿತು. ಕೊಂಕಣ ರೈಲುಮಾರ್ಗದ ಅತಿ ಉದ್ದದ ಸೇತುವೆ, ಅಂದರೆ 2 ಕಿಲೋಮೀಟರಿಗೂ ತುಸು ಹೆಚ್ಚು ಉದ್ದವಾದುದು, ಇದೇ ಶರಾವತಿಯ ಮೇಲಿದೆ. ಆ ಸೇತುವೆಯ ಆಸುಪಾಸಿನಲ್ಲಿ ಇಂದು ದೋಣಿಗಳು ಮತ್ತೆ ಓಡಾಡತೊಡಗಿವೆ. ಈಗ ಅವುಗಳಲ್ಲಿರುವುದು ಮೆಣಸಿನ ಮೂಟೆಗಳಲ್ಲ, ಒಂದು ದಿನದ ವಿಹಾರಕ್ಕೆಂದು ಬಂದ ಪ್ರವಾಸಿಗರು.

ಹೊನ್ನಾವರದ ಕಾಂಡ್ಲಾ ವನಗಳ ನಡುವಿನ ನೀರು, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರು, ಇಂತಹ ಸ್ಥಳಗಳು ಗುಂಪು ಪ್ರವಾಸಕ್ಕೆ ಹೇಳಿ ಮಾಡಿಸಿದಂತಿವೆ. ಬೆಳಗಿನ ಜಾವ ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಹೊರಟ ಬಸ್ಸು ಉಪಾಹಾರದ ಹೊತ್ತು ಮೀರುವುದರೊಳಗೆ ಕರಾವಳಿಯನ್ನು ತಲುಪುತ್ತದೆ. ಅಂಗಡಿಯ ಸಿಬ್ಬಂದಿ, ಸಣ್ಣ ಕಾರ್ಖಾನೆಯ ಕಾರ್ಮಿಕರು, ಬ್ಯಾಂಕ್ ಶಾಖೆಯವರು, ವರ್ತಕರ ಸಂಘದ ಕುಟುಂಬಗಳು ಇಬ್ಬಿಬ್ಬರಂತೆ ಕಯಾಕ್ ಎಂಬ ಕಿರುದೋಣಿಗಳಲ್ಲಿ ಕುಳಿತು, ತಾವೇ ಹುಟ್ಟು ಹಾಕುತ್ತಾ ಎರಡು ಗಂಟೆ ಕಾಲ ಹಸಿರು ಕಾಲುವೆಗಳಲ್ಲಿ ಸಾಗುತ್ತಾರೆ. ವರ್ಷವಿಡೀ ಆದೇಶ ಕೊಡುವ ಮಾಲೀಕನೂ ಆದೇಶ ಪಾಲಿಸುವ ನೌಕರನೂ ಒಂದೇ ದೋಣಿಯಲ್ಲಿ ಕುಳಿತಾಗ, ಇಬ್ಬರ ಹುಟ್ಟುಗಳೂ ಒಂದೇ ಲಯದಲ್ಲಿ ಬೀಳದಿದ್ದರೆ ದೋಣಿ ಮುಂದೆ ಸಾಗುವುದಿಲ್ಲ. ಇಂತಹ ಪ್ರವಾಸದಿಂದ ಸಂಸ್ಥೆಗಳಿಗೆ ಪ್ರಯೋಜನವಿದೆ ಎಂಬುದರಲ್ಲಿ ಸಂಶಯವಿಲ್ಲ. ಆ ಪ್ರವಾಸವನ್ನು ಇಂದು ಕೊಳ್ಳಲಾಗುತ್ತಿರುವ ಮತ್ತು ಮಾರಲಾಗುತ್ತಿರುವ ರೀತಿ ಸರಿಯೇ ಎಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ಶಾಂತ ನದಿಯ ಚಲನೆ

ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ನೊರೆ ಚಿಮ್ಮುವ ಇಳಿಜಾರುಗಳನ್ನು ಕಂಡವನು ತಾನಾಗಿಯೇ ಎಚ್ಚರ ವಹಿಸುತ್ತಾನೆ. ಕಾಂಡ್ಲಾ ವನದ ನಡುವಿನ ಕನ್ನಡಿಯಂತಹ ನೀರು ಅಂತಹ ಎಚ್ಚರವನ್ನು ಮೂಡಿಸುವುದಿಲ್ಲ. ಆದರೆ ಈ ನೀರೂ ನಿಂತ ನೀರಲ್ಲ. ಅದನ್ನು ಮೂರು ಶಕ್ತಿಗಳು ಚಲಿಸುವಂತೆ ಮಾಡುತ್ತವೆ.

ಮೊದಲನೆಯದು ಸಮುದ್ರದ ಭರತ ಮತ್ತು ಇಳಿತ. ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಹೀಗಾಗಿ ಭರತದ ವೇಳೆ ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಕಳೆದ ಭಾನುವಾರ ಹತ್ತು ಗಂಟೆಗೆ ಅನುಕೂಲವಾಗಿದ್ದ ನೀರು ಈ ಭಾನುವಾರವೂ ಅದೇ ಹೊತ್ತಿಗೆ ಅನುಕೂಲವಾಗಿರಬೇಕೆಂಬ ನಿಯಮವಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಳಿವೆಯ ಕಡೆಗೆ ಇಳಿಯುವ ಸೆಳೆತವೂ ಹೆಚ್ಚು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಭರತ–ಇಳಿತದ ಕೋಷ್ಟಕವನ್ನು ಪ್ರಕಟಿಸುತ್ತದೆ. ಊರಿನ ಮೀನುಗಾರರಿಗಂತೂ ಪಂಚಾಂಗದ ತಿಥಿಯೇ ಸಾಕು.

ಎರಡನೆಯದು ಮೇಲಿನ ಅಣೆಕಟ್ಟು. ಗೇರುಸೊಪ್ಪೆಯ ವಿದ್ಯುದಾಗಾರದಲ್ಲಿ ತಲಾ 60 ಮೆಗಾವಾಟಿನ 4 ಘಟಕಗಳಿವೆ. ಘಟಕಗಳು ಓಡಿದಾಗ ನೀರು ಕೆಳಕ್ಕೆ ಬರುತ್ತದೆ, ನಿಂತಾಗ ಹರಿವು ಕುಗ್ಗುತ್ತದೆ. ನದಿಯ ಮೇಲ್ಭಾಗದ ಈ ವಿಹಾರಕ್ಕೂ ರಾಜ್ಯದ ವಿದ್ಯುತ್ ಬೇಡಿಕೆಗೂ ಹೀಗೆ ನೇರ ಸಂಬಂಧವಿದೆ.

ಮೂರನೆಯದು ಗಾಳಿ. ಬೇಸಿಗೆಯ ದಿನಗಳಲ್ಲಿ ಮಧ್ಯಾಹ್ನದ ನಂತರ ಕಡಲಿನಿಂದ ನೆಲದತ್ತ ಗಾಳಿ ಬಲವಾಗಿ ಬೀಸುತ್ತದೆ. ಅದೇ ಹೊತ್ತಿಗೆ ಇಳಿತವಿದ್ದರೆ ನೀರು ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ ಸಾಗಿ, ಬೆಳಿಗ್ಗೆ ಸಪಾಟಾಗಿದ್ದ ಪಾತ್ರದಲ್ಲಿ ಗಿಡ್ಡ ಅಲೆಗಳು ಏಳುತ್ತವೆ. ಊಟ ಮುಗಿಸಿ, ದಣಿದ ತೋಳುಗಳಿಂದ ಗಾಳಿಗೆದುರಾಗಿ ಹುಟ್ಟು ಹಾಕುವ ಹೊಸಬರಿಗೆ ಅಷ್ಟೇ ಸಾಕಾಗುತ್ತದೆ. ಬೆಳಿಗ್ಗೆ ತಡವಾಗಿ ಬಂದ ಬಸ್ಸಿನವರನ್ನು ಮಧ್ಯಾಹ್ನ ನೀರಿಗಿಳಿಸುವುದು ಬರೀ ವೇಳಾಪಟ್ಟಿಯ ಬದಲಾವಣೆಯಲ್ಲ, ಅದು ಬೇರೆಯೇ ಒಂದು ನದಿಗೆ ಇಳಿಸಿದಂತೆ.

ಮುಳುಗಿಸಿದ್ದು ಅಲೆಯಲ್ಲ

ಈಚಿನ ವರ್ಷಗಳ ಕೆಲವು ದುರಂತಗಳನ್ನು ಇಲ್ಲಿ ನೆನೆಯಬೇಕು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಅಸುನೀಗಿದರು. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಮಂದಿ ಸತ್ತರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು ಮತ್ತು 2 ಶಿಕ್ಷಕಿಯರು ಜೀವ ತೆತ್ತರು.

ಕಾರವಾರದ್ದು ಕಡಲು. ಆದರೆ ತಾನೂರಿನದು ಅಳಿವೆಗೆ ಹತ್ತಿರದ ಹಿನ್ನೀರು, ವಡೋದರಾದ್ದು ಊರ ನಡುವಿನ ಕೆರೆ. ಅಲ್ಲಿ ಚಂಡಮಾರುತವೂ ಇರಲಿಲ್ಲ, ಮಹಾಪೂರವೂ ಇರಲಿಲ್ಲ. ದೋಣಿಯ ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಲಾಗಿತ್ತು. ಹತ್ತಿದವರಲ್ಲಿ ಎಲ್ಲರಿಗೂ ಜೀವರಕ್ಷಕ ಅಂಗಿ ಇರಲಿಲ್ಲ. ಇವು ಯಂತ್ರದ ದೋಣಿಗಳಾಗಿದ್ದವು, ಕಯಾಕುಗಳಲ್ಲ ಎಂಬುದು ನಿಜ. ಆದರೆ ಇನ್ನೂ ನಾಲ್ಕು ಜನ ಹತ್ತಲಿ ಎಂಬ ಮಾತು ಯಾವ ದೋಣಿಗೂ ಅಷ್ಟೇ ಅಪಾಯಕಾರಿ.

ಇಂತಹ ಘಟನೆಯ ನಂತರ ಆಡಳಿತ ಕೈಗೊಳ್ಳುವ ಕ್ರಮವೂ ಎಲ್ಲರಿಗೂ ಗೊತ್ತಿರುವುದೇ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಮೇಲೆ ಅಲ್ಲಿನ ಕಡಲತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಜೀವ ಹೋದಾಗ ಆಡಳಿತ ಬಾಗಿಲು ಹಾಕುವುದನ್ನು ತಪ್ಪೆನ್ನಲಾಗದು. ಆದರೆ ಆ ಬಾಗಿಲು ತಪ್ಪು ಮಾಡಿದವನಿಗೂ ಮಾಡದವನಿಗೂ ಒಟ್ಟಿಗೇ ಮುಚ್ಚುತ್ತದೆ. ಹತ್ತು ವರ್ಷ ಶಿಸ್ತಿನಿಂದ ದೋಣಿ ನಡೆಸಿದ ಅಂಬಿಗ, ಅವನನ್ನು ನಂಬಿದ ಖಾನಾವಳಿ, ಎಳನೀರಿನ ಗಾಡಿ, ತಂಗುಮನೆ, ಬಾಡಿಗೆ ವಾಹನದವನು, ಎಲ್ಲರ ಋತುವೂ ಒಂದೇ ದಿನ ಮುಗಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಹೇಗೂ ದೋಣಿ ಕಟ್ಟಿಹಾಕಬೇಕು. ಉಳಿದ ಎಂಟು ತಿಂಗಳೂ ಒಬ್ಬರ ಅಲಕ್ಷ್ಯದಿಂದ ನಷ್ಟವಾದರೆ ಆ ಕುಟುಂಬಗಳು ಮತ್ತೆ ಊರು ಬಿಡಬೇಕಾಗುತ್ತದೆ.

ಚೌಕಾಸಿಯ ಫಲ

ಹಾಗಾದರೆ ಮಿತಿ ಮೀರುವುದೇಕೆ? ದೋಣಿಯವನ ದುರಾಸೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ವ್ಯಾಪಾರಸ್ಥರು ಈ ಪ್ರಶ್ನೆಯನ್ನು ತಮ್ಮ ಕಸುಬಿನ ಕಣ್ಣಿನಿಂದಲೇ ನೋಡಬೇಕು.

ಲೆಕ್ಕಕ್ಕಾಗಿ ಒಂದು ಉದಾಹರಣೆ. ಮೂವತ್ತು ಮಂದಿಯ ಒಂದು ಗುಂಪು. ದೋಣಿಯವರು ತಲೆಗೆ 500 ರೂಪಾಯಿ ಹೇಳುತ್ತಾರೆ ಎಂದಿಟ್ಟುಕೊಂಡರೆ ಒಟ್ಟು 15,000 ರೂಪಾಯಿ. ಗುಂಪಿನ ಮುಂದಾಳು ಪಕ್ಕದ ಧಕ್ಕೆಯ ದರ ತೋರಿಸಿ ಅದನ್ನು 350ಕ್ಕೆ ಇಳಿಸುತ್ತಾರೆ. ಆಗ ಕೈಗೆ ಬರುವುದು 10,500. ಕಡಿಮೆಯಾದ 4,500 ರೂಪಾಯಿಯನ್ನು ದೋಣಿಯವನು ಎಲ್ಲಿಂದ ತುಂಬಿಕೊಳ್ಳಬೇಕು? ಕಯಾಕಿನ ಸಾಲದ ಕಂತು ಇಳಿಯುವುದಿಲ್ಲ, ಜಾಗದ ಬಾಡಿಗೆಯೂ ಇಳಿಯುವುದಿಲ್ಲ. ಇಳಿಸಲು ಸಾಧ್ಯವಿರುವುದು ಮೂರೇ ಬಾಬ್ತು. ಗುಂಪಿನ ಹಿಂದೆ ಬರುವ ಎರಡನೆಯ ಮಾರ್ಗದರ್ಶಕನನ್ನು ಬಿಡಬಹುದು. ಪೆಟ್ರೋಲು ಉಳಿಸಲು ಯಂತ್ರದ ರಕ್ಷಣಾ ದೋಣಿಯನ್ನು ಧಕ್ಕೆಯಲ್ಲೇ ಕಟ್ಟಿಡಬಹುದು. ಹಳೆಯ ಜೀವರಕ್ಷಕ ಅಂಗಿಗಳನ್ನೇ ಇನ್ನೊಂದು ವರ್ಷ ತಳ್ಳಬಹುದು. ಅದೂ ಸಾಲದಿದ್ದರೆ ಇಬ್ಬರ ದೋಣಿಗೆ ಮೂರನೆಯವನನ್ನು ಕೂರಿಸಬಹುದು. ಗ್ರಾಹಕನ ಕಣ್ಣಿಗೆ ಇದಾವುದೂ ಬೀಳುವುದಿಲ್ಲ. ಏನೂ ಆಗದಿದ್ದರೆ ಕಡಿಮೆ ದರದ ಪ್ರವಾಸವೂ ಹೆಚ್ಚು ದರದ ಪ್ರವಾಸವೂ ಒಂದೇ ರೀತಿ ಕಾಣುತ್ತವೆ.

ಸರಕಿನ ವಿಷಯದಲ್ಲಿ ಈ ಸತ್ಯ ಯಾವ ವರ್ತಕರಿಗೂ ಹೊಸದಲ್ಲ. ಮಾರುಕಟ್ಟೆ ದರಕ್ಕಿಂತ ತೀರಾ ಕೆಳಗೆ ಸಿಮೆಂಟು, ತಾಮ್ರದ ತಂತಿ, ಅಡುಗೆ ಎಣ್ಣೆ ಕೊಡುವೆನೆಂದು ಯಾರಾದರೂ ಬಂದರೆ ಅನುಭವಿ ವ್ಯಾಪಾರಿ ಮೊದಲು ತೂಕವನ್ನೂ ಗುಣಮಟ್ಟವನ್ನೂ ಅನುಮಾನಿಸುತ್ತಾನೆ. ಅದೇ ವ್ಯಾಪಾರಿ ತನ್ನ ಮೂವತ್ತು ನೌಕರರನ್ನೂ ಅವರ ಮಕ್ಕಳನ್ನೂ ನೀರಿಗಿಳಿಸುವಾಗ ಅಗ್ಗದ ದರಕ್ಕಾಗಿ ಧಕ್ಕೆಯಿಂದ ಧಕ್ಕೆಗೆ ಅಲೆಯುವುದು ವಿಚಿತ್ರವೆನಿಸುತ್ತದೆ.

ಹೊಣೆಗಾರಿಕೆಯ ಪ್ರಶ್ನೆಯೂ ಇದೆ. ಕೆಲಸದ ನಿಮಿತ್ತವಾಗಿ, ಕೆಲಸದ ಅವಧಿಯಲ್ಲಿ ಘಟಿಸಿದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕೆಂಬುದು ಕಾರ್ಮಿಕ ಕಾನೂನಿನ ಹಳೆಯ ತತ್ವ. ಸಂಸ್ಥೆಯೇ ಏರ್ಪಡಿಸಿದ, ಎಲ್ಲರೂ ಬರಲೇಬೇಕೆಂದು ಹೇಳಿದ ಪ್ರವಾಸ ಈ ವ್ಯಾಪ್ತಿಗೆ ಬರುವುದೇ ಇಲ್ಲವೇ ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ. ಸಂಸ್ಥೆ ಮಾಡಿಸಿರುವ ಸಾಮೂಹಿಕ ಅಪಘಾತ ವಿಮೆಯಿಂದ ಎಲ್ಲವೂ ಪರಿಹಾರವಾಗುವುದೆಂದು ನಂಬುವಂತೆಯೂ ಇಲ್ಲ. ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುವ ಪಾಲಿಸಿಗಳು ಹಲವು. ಹೊರಡುವ ಮೊದಲು ಆ ಕಾಗದವನ್ನೊಮ್ಮೆ ಓದುವುದು ಲೇಸು.

ಕೊಳ್ಳುವವರು ಕೇಳಬೇಕಾದ ಐದು ಪ್ರಶ್ನೆಗಳು

ಗುಂಪು ಪ್ರವಾಸ ಏರ್ಪಡಿಸುವ ಸಂಸ್ಥೆಗಳು ದರದ ಮಾತಿಗೆ ಮುನ್ನ ಐದು ವಿಷಯಗಳನ್ನು ವಿಚಾರಿಸಬೇಕು.

ಒಂದು, ಪ್ರತಿ ದೋಣಿಯ ಮಿತಿ ಎಷ್ಟು, ಅದನ್ನು ದೋಣಿಯ ಮೇಲೆ ಬರೆದಿದೆಯೇ? ಮಕ್ಕಳನ್ನು ಮಡಿಲಲ್ಲಿ ಕೂರಿಸಿ ಲೆಕ್ಕದಿಂದ ಬಿಡುವಂತಿಲ್ಲ.

ಎರಡು, ಇಂದಿನ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ? ಈ ಪ್ರಶ್ನೆಗೆ ಥಟ್ಟನೆ ಉತ್ತರಿಸಲಾರದವನ ಹಿಂದೆ ನೀರಿಗಿಳಿಯಬಾರದು.

ಮೂರು, ಮಾರ್ಗದರ್ಶಕರು ಎಷ್ಟು ಮಂದಿ, ಅವರ ತರಬೇತಿ ಎಲ್ಲಾಯಿತು? ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ, ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ. ನದಿಯನ್ನು ಹುಟ್ಟಿನಿಂದ ಬಲ್ಲ ಅಂಬಿಗನ ಜ್ಞಾನ ದೊಡ್ಡದು. ಆದರೆ ಮುಳುಗಿದವನಿಗೆ ಉಸಿರು ಕೊಡುವ ವಿಧಾನವನ್ನು ಕಲಿತೇ ತಿಳಿಯಬೇಕು.

ನಾಲ್ಕು, ರಕ್ಷಣಾ ದೋಣಿ ಗುಂಪಿನ ಜೊತೆಯಲ್ಲೇ ಬರುವುದೇ?

ಐದು, ಜೀವರಕ್ಷಕ ಅಂಗಿಗಳ ವಯಸ್ಸೆಷ್ಟು? ಇದಕ್ಕೆ ತುಸು ವಿವರಣೆ ಅಗತ್ಯ. ಈ ಅಂಗಿಗಳ ತೇಲುವ ಬಲವನ್ನು ನ್ಯೂಟನ್ನಿನಲ್ಲಿ ಅಳೆಯುತ್ತಾರೆ. 50 ನ್ಯೂಟನ್ ಅಂದರೆ ಸುಮಾರು 5 ಕಿಲೋ ಭಾರವನ್ನು ಎತ್ತಿ ಹಿಡಿಯುವ ಬಲ. ಮನುಷ್ಯನ ದೇಹ ಬಹುಮಟ್ಟಿಗೆ ತಾನೇ ತೇಲುವುದರಿಂದ ಈಜು ಬಲ್ಲವನಿಗೆ ದಡದ ಹತ್ತಿರದ ನೀರಿನಲ್ಲಿ ಇಷ್ಟು ಬಲ ಆಧಾರವಾಗುತ್ತದೆ. ಈಜು ಬಾರದವರಿಗೆ 100 ನ್ಯೂಟನ್ನಿನ, ಕತ್ತಿಗೆ ಪಟ್ಟಿಯಿರುವ ಅಂಗಿಯೇ ಯೋಗ್ಯ. ಪ್ರವಾಸದ ಗುಂಪುಗಳಲ್ಲಿ ಈಜು ಬಾರದವರೇ ಬಹಳವಾದ್ದರಿಂದ ಈ ವ್ಯತ್ಯಾಸ ಮುಖ್ಯವಾದುದು. ಬಿಸಿಲಿಗೂ ಉಪ್ಪುನೀರಿಗೂ ಸಿಕ್ಕಿ ಅಂಗಿಯೊಳಗಿನ ಫೋಮು ಕುಗ್ಗುತ್ತದೆ, ಬಟ್ಟೆ ಜೀರ್ಣವಾಗುತ್ತದೆ, ಬಕಲ್ ಮುರಿಯುತ್ತದೆ. 5 ಕಿಲೋ ಕಬ್ಬಿಣದ ತೂಕದ ಬೊಟ್ಟನ್ನು ಕಟ್ಟಿ ನೀರಿಗೆ ಬಿಟ್ಟಾಗ ಮುಳುಗಿಹೋಗುವ ಅಂಗಿಯನ್ನು ಆ ದಿನವೇ ಎಸೆಯಬೇಕು. ತಕ್ಕಡಿಯ ತೂಕದ ಬೊಟ್ಟು ಇಲ್ಲದ ಊರಿಲ್ಲ, ಆದ್ದರಿಂದ ಈ ಪರೀಕ್ಷೆಗೆ ಖರ್ಚೂ ಇಲ್ಲ.

ಮಾರುವವರ ಕರ್ತವ್ಯ

ಒಬ್ಬ ದೋಣಿಯವನು ಮಾತ್ರ ಶಿಸ್ತಿಗೆ ಬದ್ಧನಾದರೆ ಪಕ್ಕದವನು ದರ ಇಳಿಸಿ ಅವನ ಗಿರಾಕಿಯನ್ನು ಕಸಿಯುತ್ತಾನೆ. ಆದ್ದರಿಂದ ಈ ಕೆಲಸ ಒಬ್ಬೊಬ್ಬರಿಂದ ಆಗುವಂತಹದಲ್ಲ. ಒಂದು ನದಿಯ ದೋಣಿಯವರೆಲ್ಲ ಸೇರಿ ಕೆಲವು ನಿಯಮಗಳನ್ನು ಒಪ್ಪಿಕೊಳ್ಳಬೇಕು. ಮಿತಿಗಿಂತ ಹೆಚ್ಚು ಹತ್ತಿಸುವುದಿಲ್ಲ, ಸೂರ್ಯಾಸ್ತದ ನಂತರ ಯಾರನ್ನೂ ನೀರಿಗಿಳಿಸುವುದಿಲ್ಲ, ಇಳಿದವರ ಮತ್ತು ಮರಳಿದವರ ಸಂಖ್ಯೆಯನ್ನು ವಹಿಯಲ್ಲಿ ಬರೆಯುತ್ತೇವೆ ಎಂಬ ಮೂರು ನಿಯಮಗಳಾದರೂ ಸಾಕು. ಜಮಾ–ಖರ್ಚಿನ ವಹಿ ಇಡಬಲ್ಲವನಿಗೆ ಜನರ ವಹಿ ಇಡುವುದು ಕಷ್ಟವಲ್ಲ. ರಕ್ಷಣಾ ದೋಣಿಯನ್ನು ಎಲ್ಲರೂ ಪಾಲು ಹಾಕಿ ಒಟ್ಟಾಗಿ ನಡೆಸಿದರೆ ಪ್ರತಿಯೊಬ್ಬರ ವೆಚ್ಚವೂ ತಗ್ಗುತ್ತದೆ.

ಕಾನೂನಿನ ಬಲವೂ ಇದಕ್ಕಿದೆ. 1917ರ ಹಳೆಯ ಕಾಯಿದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯಲ್ಲಿ ಯಂತ್ರದ ದೋಣಿಗಳ ನೋಂದಣಿ, ತಪಾಸಣೆಗಳ ಜೊತೆಗೆ ಯಂತ್ರವಿಲ್ಲದ ದೋಣಿಗಳಿಗಾಗಿಯೂ ಪ್ರತ್ಯೇಕ ಅಧ್ಯಾಯವಿದೆ. ಅವುಗಳ ದಾಖಲಾತಿ ಮತ್ತು ಸುರಕ್ಷತೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಅದು ದಾರಿ ಮಾಡಿಕೊಟ್ಟಿದೆ. ಪಂಚಾಯಿತಿಯ ಮಟ್ಟದಲ್ಲಿ, ಒಂದೇ ಮೇಜಿನ ಬಳಿ, ಅಲ್ಪ ಶುಲ್ಕದಲ್ಲಿ ದಾಖಲಾತಿ ಆಗಬೇಕೆಂದು ವಾಣಿಜ್ಯ ಸಂಸ್ಥೆಗಳು ಸರ್ಕಾರವನ್ನು ಒತ್ತಾಯಿಸಬೇಕು. ಜಿಲ್ಲಾ ಕೇಂದ್ರಕ್ಕೆ ಹತ್ತು ಬಾರಿ ಅಲೆಸುವ ಪರವಾನಗಿ ಪದ್ಧತಿ ಬಂದರೆ ಪ್ರಾಮಾಣಿಕನು ದಣಿದು ಹಿಂದೆ ಸರಿಯುತ್ತಾನೆ, ಉಳಿದವನು ಪರವಾನಗಿಯಿಲ್ಲದೆಯೇ ನಡೆಸುತ್ತಾನೆ.

ನಿಯಮಗಳಿಂದ ಬಡ ಅಂಬಿಗನಿಗೆ ಹೊರೆಯಾಗಿ, ದೊಡ್ಡ ಬಂಡವಾಳದವರಿಗೆ ಮಾತ್ರ ಅನುಕೂಲವಾದೀತೆಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ದೊಡ್ಡ ಬಂಡವಾಳದವನು ಒಂದು ಋತು ಮುಚ್ಚಿದರೂ ತಾಳಿಕೊಳ್ಳಬಲ್ಲ. ತಾಳಿಕೊಳ್ಳಲಾರದವನು ಎರಡು ದೋಣಿಯ ಅಂಬಿಗ. ಸರಳವಾದ ನಿಯಮದಿಂದ ಹೆಚ್ಚು ರಕ್ಷಣೆ ಸಿಗುವುದೂ ಅವನಿಗೇ. ದರ ಏರಿದರೆ ಗಿರಾಕಿ ಬರುವುದಿಲ್ಲವೆಂಬ ಭಯಕ್ಕೂ ಹೆಚ್ಚಿನ ಆಧಾರವಿಲ್ಲ. ಬಸ್ಸಿನ ಬಾಡಿಗೆ, ಊಟ, ಒಂದು ದಿನದ ಉತ್ಪಾದನೆಯ ನಷ್ಟ, ಇವೆಲ್ಲವನ್ನೂ ಕೂಡಿಸಿದರೆ ತಲೆಗೆ ನೂರೈವತ್ತು ರೂಪಾಯಿಯ ವ್ಯತ್ಯಾಸ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು.

ತಯಾರಕರಿಗೊಂದು ಅವಕಾಶ

ಸಣ್ಣ ಕೈಗಾರಿಕೆಗಳ ದೃಷ್ಟಿಯಿಂದಲೂ ಈ ವಿಷಯ ಗಮನಾರ್ಹವಾದುದು. ಪ್ರವಾಸಿಗರಿಗೆ ಬಳಸುವ ಪ್ಲಾಸ್ಟಿಕ್ ಕಯಾಕುಗಳು ಬಹುತೇಕ ಪಾಲಿಎಥಿಲೀನಿನವು. ಅಚ್ಚಿನೊಳಗೆ ಪುಡಿ ತುಂಬಿ, ಒಲೆಯಲ್ಲಿ ಕಾಯಿಸುತ್ತಾ ಎರಡು ಅಕ್ಷಗಳ ಮೇಲೆ ತಿರುಗಿಸಿ ಅವನ್ನು ತಯಾರಿಸುತ್ತಾರೆ. ಮನೆಗಳ ಮೇಲೆ ಕಾಣುವ ನೀರಿನ ಟ್ಯಾಂಕುಗಳು ತಯಾರಾಗುವುದೂ ಇದೇ ವಿಧಾನದಿಂದ. ಟ್ಯಾಂಕು ಮಾಡುವ ಘಟಕಕ್ಕೆ ಒಲೆಯೂ ಇದೆ, ಕಚ್ಚಾ ಮಾಲಿನ ಪರಿಚಯವೂ ಇದೆ. ಬೇಕಾದದ್ದು ಹೊಸ ಅಚ್ಚು ಮತ್ತು ವಿನ್ಯಾಸದ ಜ್ಞಾನ. ಜೀವರಕ್ಷಕ ಅಂಗಿಯಾದರೋ ಬಟ್ಟೆ, ಫೋಮು, ಪಟ್ಟಿ, ಬಕಲ್ ಮತ್ತು ಗಟ್ಟಿ ಹೊಲಿಗೆ. ಉಡುಪು ತಯಾರಿಕೆಯಲ್ಲಿ ಹೆಸರು ಮಾಡಿರುವ ರಾಜ್ಯಕ್ಕೆ ಇದು ದೂರದ ವಸ್ತುವಲ್ಲ.

ಆದರೆ ಇಲ್ಲಿಯೂ ಗುಣಮಟ್ಟದ ಮಾತೇ ಮೊದಲು. ಹೊರಗೆ ಕಿತ್ತಳೆ ಬಣ್ಣ, ಒಳಗೆ ಪ್ಯಾಕಿಂಗಿನ ಥರ್ಮೊಕೋಲ್ ಇರುವ ಅಂಗಿಯನ್ನು ಅಗ್ಗಕ್ಕೆ ಮಾರಿದರೆ ಅದು ವ್ಯಾಪಾರವೆನಿಸದು. ಪ್ರಯೋಗಾಲಯದ ಪರೀಕ್ಷೆಗೆ ಒಳಪಡಿಸಿ, ತೇಲುವ ಬಲ, ದೇಹದ ತೂಕದ ಮಿತಿ, ತಯಾರಿಸಿದ ವರ್ಷ, ಇವನ್ನು ಕನ್ನಡದಲ್ಲಿಯೂ ಮುದ್ರಿಸಿದ ಅಂಗಿ ಮಾರುಕಟ್ಟೆಗೆ ಬಂದರೆ ದೋಣಿಯವನಿಗೂ ಪ್ರವಾಸಿಗನಿಗೂ ಏನನ್ನು ಕೊಳ್ಳುತ್ತಿದ್ದೇವೆಂಬುದು ತಿಳಿಯುತ್ತದೆ. ದಾಖಲಾತಿ ಪದ್ಧತಿ ಜಾರಿಗೆ ಬಂದ ಕಡೆಯಲ್ಲೆಲ್ಲ ಇಂತಹ ವಸ್ತುವಿಗೆ ಸ್ಥಿರವಾದ ಬೇಡಿಕೆ ಹುಟ್ಟುವುದು ಖಂಡಿತ.

ವಾಣಿಜ್ಯ ಸಂಸ್ಥೆಗಳು ಮೊದಲ ಹೆಜ್ಜೆಯನ್ನು ತಮ್ಮ ಮನೆಯಿಂದಲೇ ಇಡಬಹುದು. ಸದಸ್ಯರ ವಾರ್ಷಿಕ ವಿಹಾರಕ್ಕೆ ದೋಣಿ ಗೊತ್ತುಮಾಡುವಾಗ ಮೇಲಿನ ಐದು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವ ಪದ್ಧತಿಯನ್ನು ಆರಂಭಿಸಬಹುದು. ಒಪ್ಪಿದ ದರವನ್ನು ಪೂರ್ತಿ ಕೊಟ್ಟು, ಒಪ್ಪಿದ ಸೌಕರ್ಯವನ್ನು ಪೂರ್ತಿ ಕೇಳಬಹುದು. ಹತ್ತು ಸಂಸ್ಥೆಗಳು ಹೀಗೆ ಕೇಳತೊಡಗಿದರೆ ಹನ್ನೊಂದನೆಯವರು ಕೇಳುವ ಮೊದಲೇ ಧಕ್ಕೆಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಬರುವ ಋತುವಿನ ಮುಂಗಡ ನೀಡುವ ಮುನ್ನ ಈ ಕೆಲಸ ಆಗಬೇಕು.